ಆತು, ಆಯ್ತು, ಅಯಿಂದಿ

ಋಷಿಮೂಲ, ನದೀಮೂಲ ಕೇಳಬಾರದೆಂದು ಹಿರಿಯರು ಹೇಳಿದ್ದಾರೆ. ಆ ಸಾಲಿಗೆ ಹಬ್ಬದ ಮೂಲವನ್ನೂ ಯಾಕೆ ಸೇರಿಸಲಿಲ್ಲವೋ ನನಗೆ ತಿಳಿಯದು. ಬಹುಶಃ ಅವರ ಕಾಲದಲ್ಲಿ ರಜೆ ಅರ್ಜಿ ಎಂಬುದು ಇರಲಿಲ್ಲ. ಹಬ್ಬ ಬಂದರೆ ಮಾಡುವುದು, ಉಣ್ಣುವುದು, ಮಲಗುವುದು. ಯಾಕೆ ಮಾಡುತ್ತೀರಿ ಎಂದು ಕೇಳುವ ಮೇಲಧಿಕಾರಿ ಅವರಿಗಿರಲಿಲ್ಲ, ನನಗಿದ್ದರು. ಅದಿರಲಿ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಒಂದು ಮಾತನ್ನು ಇವತ್ತು ಹೇಳಿಯೇಬಿಡುತ್ತೇನೆ. ಕೊಹೀರದ ಸುತ್ತಿನ ಹತ್ತಾರು ಹೊಲಗಳಲ್ಲಿ ಈಗ ಭಯಭಕ್ತಿಯಿಂದ ನಡೆಯುವ ಒಂದು ಪದ್ಧತಿಗೆ ಮೂಲಪುರುಷ ನಾನೇ. ಋಷಿಯಲ್ಲ, ಮುನಿಯಲ್ಲ, ಬರಿಯ ಲೆಕ್ಕದ ಮಾಸ್ತರ. ಅದೂ ಐದರವರೆಗೆ ಎಣಿಸಲು ಹೋಗಿ ತಪ್ಪಿದವನು.

ನಮ್ಮ ಕಡೆ ದೊಡ್ಡ ಹಬ್ಬವೆಂದರೆ ಎಳ್ಳಮಾವಾಸ್ಯೆ. ಯುಗಾದಿ, ದೀಪಾವಳಿಗಳನ್ನು ಮನೆಯಲ್ಲಿ ಮಾಡಿದರೆ ಇದನ್ನು ಹೊಲದಲ್ಲಿ ಮಾಡುತ್ತೇವೆ. ಬಿಳಿಜೋಳ ಎದೆಯುದ್ದ ನಿಂತು, ಕಡಲೆ ಕಾಯಿಗಟ್ಟುವ ಹೊತ್ತು ಅದು. ಜೋಳದ ದಂಟಿನಿಂದ ಪುಟ್ಟ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಂಚಪಾಂಡವರೆಂದು ಪೂಜಿಸುತ್ತೇವೆ. ಕೆಲವರ ಮನೆಯಲ್ಲಿ ಕುಂತಿ ಇರುತ್ತಾಳೆ, ಕೆಲವರಲ್ಲಿ ದ್ರೌಪದಿ. ನಮ್ಮಲ್ಲಿ ಮಾತ್ರ ಗಂಡಸರೈದೇ. ಹೊಲದಲ್ಲಿ ಸಿಕ್ಕ ಕಾಯಿ, ಸೊಪ್ಪು, ಕಾಳುಗಳನ್ನೆಲ್ಲ ಸೇರಿಸಿ ಕುದಿಸಿದ ಭಜ್ಜಿ, ಸಜ್ಜೆರೊಟ್ಟಿ, ಕಡುಬು, ಬೆಳ್ಳುಳ್ಳಿ ಹಾಕಿದ ಅಂಬಲಿ ಎಡೆ ಹಿಡಿದು, ಆಮೇಲೆ ಆ ಎಡೆಯನ್ನು ಬೆಳೆಯ ಸುತ್ತ ಚೆಲ್ಲಿಕೊಂಡು ಬರಬೇಕು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಮುಂದಿನವ "ಓಲಗ್ಯಾ ಓಲಗ್ಯಾ" ಎಂದು ಕೂಗಿದರೆ, ಹಿಂದಿನವ ನೀರು ಚಿಮುಕಿಸುತ್ತ "ಸಾಲಂ ಪಲಗ್ಯಾ" ಎನ್ನಬೇಕು. ಹಾಗೆಂದರೇನು ಎಂದು ಚಿಕ್ಕವನಿದ್ದಾಗ ಅವ್ವನನ್ನು ಕೇಳಿದ್ದೆ. "ಹಿರೇರು ಅಂತಿದ್ರು, ನಾವ್ ಅಂತೀವಿ. ನೀನೂ ಬಾಯಿ ಮುಚಗೊಂಡು ಅನ್ನು" ಎಂದಿದ್ದಳು. ಬಾಯಿ ಮುಚ್ಚಿಕೊಂಡು ಅನ್ನುವುದು ಹೇಗೆಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ರಾಜ್ಯ ವಿಂಗಡಣೆಯಾಗಿ ಬೀದರ ಮೈಸೂರಿಗೂ, ನಮ್ಮ ಜಹೀರಾಬಾದ, ನಾರಾಯಣಖೇಡ, ತಾಂಡೂರಗಳು ಆಂಧ್ರಕ್ಕೂ ಹೋದ ಮೇಲೆ ಈ ಹಬ್ಬಕ್ಕೊಂದು ಸಂಕಟ ಬಂತು. ಹೈದರಾಬಾದಿನಿಂದ ಬರುವ ರಜೆಯ ಪಟ್ಟಿಯಲ್ಲಿ ಎಳ್ಳಮಾವಾಸ್ಯೆಯ ಹೆಸರೇ ಇಲ್ಲ. ನಾನಾಗ ಕೊಹೀರದ ಹತ್ತಿರದ ಒಂದು ತೆಲುಗು ಶಾಲೆಯಲ್ಲಿ ಹೊಸದಾಗಿ ಸೇರಿದ್ದೆ. ಹೆಡ್‌ಮಾಸ್ತರರು ಆಂಧ್ರದ ಸಮುದ್ರತೀರದ ಕಡೆಯವರು, ಬಹಳ ಶಿಸ್ತಿನ ಮನುಷ್ಯ. ನನ್ನ ಅರ್ಜಿ ನೋಡಿ, "ಇದೆಂಥ ಹಬ್ಬ ಮಾಸ್ತಾರೂ? ಹೆಸರಲ್ಲಿ ಎಳ್ಳಿದೆ, ನೀವು ತಿನ್ನುವುದರಲ್ಲಿ ಎಳ್ಳೆಲ್ಲಿದೆ? ಇದರ ಮೂಲವೇನೆಂದು ಬರೆದುಕೊಡಿ, ರಜೆ ಕೊಡುತ್ತೇನೆ" ಎಂದು ತೆಲುಗಿನಲ್ಲಿ ಹೇಳಿ ಅರ್ಜಿ ತಿರುಗಿ ಕೊಟ್ಟರು. ನಾನು ಊರೆಲ್ಲ ಕೇಳಿದೆ. ಒಬ್ಬರು ಅದು ಎಳ್ಳಲ್ಲ, ಎಳೆ ಬೆಳೆಯ ಅಮಾವಾಸ್ಯೆ ಅಂದರು. ಇನ್ನೊಬ್ಬರು ಅದು ಎಲ್ಲಮ್ಮನದು ಅಂದರು. ಅವ್ವ, "ಅಮಾಸಿ ಬರ್ತದ, ಮಾಡ್ತೀವಿ. ಬರೂದು ಬಿಟ್ರ ಬಿಡ್ತೀವಿ ಅಂತ ಹೇಳು ನಿಮ್ಮ ಸಾಹೇಬಗ" ಎಂದಳು. ಕಡೆಗೆ ನಾನು ಕಾರಣದ ಜಾಗದಲ್ಲಿ ಹೊಟ್ಟೆನೋವು ಎಂದು ಬರೆದೆ. ಮರುವರ್ಷವೂ ಹೊಟ್ಟೆನೋವು, ಅದರ ಮರುವರ್ಷವೂ ಹೊಟ್ಟೆನೋವು. ನಾಲ್ಕನೆಯ ವರ್ಷ ಅವರು ಕನ್ನಡಕದ ಮೇಲಿಂದ ನೋಡಿ, "ನಿಮಗೆ ಬರದಿದ್ದರೂ ನಿಮ್ಮ ಹೊಟ್ಟೆಗೆ ಪಂಚಾಂಗ ಬರುತ್ತದೆ" ಎಂದರು. ನಾನು ಕೈಕಟ್ಟಿ, "ತಪ್ಪಯಿಂದಿ ಸಾರ್" ಎಂದೆ. ತೆಲುಗಿನಲ್ಲಿ ಅದಕ್ಕೆ ತಪ್ಪಾಯಿತು ಎಂದರ್ಥ. ಹಾಜರಿ ಪುಸ್ತಕ ತಡವಾದರೆ ತಪ್ಪಯಿಂದಿ ಸಾರ್, ಸೀಮೆಸುಣ್ಣ ಹೆಚ್ಚು ಖರ್ಚಾದರೆ ತಪ್ಪಯಿಂದಿ ಸಾರ್. ದಿನಕ್ಕೆ ನಾಲ್ಕು ಸಲವಾದರೂ ಹೇಳಿ ಹೇಳಿ ಆ ಮಾತು ನನ್ನ ನಾಲಗೆಯ ತುದಿಯಲ್ಲೇ ಸಂಸಾರ ಹೂಡಿತ್ತು.

ಈ ನಾಲಗೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಓದಿದ್ದು ಉರ್ದುವಿನಲ್ಲಿ, ಕಲಿಸುವುದು ತೆಲುಗಿನಲ್ಲಿ, ಉಣ್ಣುವುದು ಮತ್ತು ಬೈಸಿಕೊಳ್ಳುವುದು ಕನ್ನಡದಲ್ಲಿ. ನಮ್ಮಾಕೆ ನಾರಾಯಣಖೇಡದವಳು, ಸಿಟ್ಟು ಬಂದರೆ ಮರಾಠಿ ಶಬ್ದಗಳನ್ನೂ ಸೇರಿಸುತ್ತಾಳೆ. ಇವತ್ತಿಗೂ ನನಗೆ ಮಗ್ಗಿ ಬರುವುದು ಉರ್ದುವಿನಲ್ಲೇ. ಈ ಅಡ್ಡಾದಿಡ್ಡಿ ಸಂಸಾರ ನಮಗೆ ಅಡ್ಡಾದಿಡ್ಡಿ ಎಂದು ಅನಿಸಿದ್ದೇ ಇಲ್ಲ. ಅನಿಸಿದ್ದು ಅಣ್ಣನಿಗೆ.

ಅಣ್ಣ ಶಿವಪ್ಪ ನನಗಿಂತ ಆರು ವರ್ಷ ದೊಡ್ಡವನು. ಅಪ್ಪ ಬೇಗ ಹೋದದ್ದರಿಂದ ನನಗೆ ಅಂಗಿಯ ಗುಂಡಿ ಹಾಕಿ ಶಾಲೆಗೆ ಕಳಿಸಿದವನು ಅವನೇ. ಅವನು ಬೀದರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ವಿಂಗಡಣೆಯಾದಾಗ ಮೈಸೂರು ರಾಜ್ಯದ ನೌಕರನಾದ. ತರಬೇತಿಗೆಂದು ಒಂದು ವರ್ಷ ಮೈಸೂರಿನ ಕಡೆ ಕಳಿಸಿದರು. ಅಲ್ಲಿಂದ ಬಂದವನು ನೆಟ್ಟಗೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಬಂದ. ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಅವ್ವ ಅಂಬಲಿ ಗಡಿಗೆ ಹಿಡಿದು, "ಊಟ ಆತೇನೋ ಶಿವಪ್ಪ?" ಎಂದು ಕೇಳಿದಳು. ಅಣ್ಣ ಮೆಲ್ಲಗೆ, "ಇನ್ನೇನು ಆಯ್ತು ಅಮ್ಮ" ಎಂದ.

ಅವ್ವ ಹಿಂದಕ್ಕೆ ತಿರುಗಿ ನೋಡಿದಳು, ಯಾವ ಅಮ್ಮ ಬಂದಿದ್ದಾಳೆಂದು. ನನಗೆ ನಗು ತಡೆಯಲಾಗಲಿಲ್ಲ. ವಯಸ್ಸೂ ಹಾಗಿತ್ತು, ಬುದ್ಧಿಯೂ ಹಾಗಿತ್ತು. ರೊಟ್ಟಿ ಮುರಿಯುತ್ತ, "ರೊಟ್ಟಿ ಆಯ್ತು ಅಮ್ಮ, ಭಜ್ಜಿ ಹೋಯ್ತು ಅಮ್ಮ, ಎಮ್ಮಿ ಬಂತು ಅಮ್ಮ" ಎಂದು ಶುರು ಮಾಡಿದೆ. ಪಕ್ಕದ ಹೊಲದ ಬಕ್ಕಪ್ಪ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಜನ ನಕ್ಕರೆಂದು ನಾನು ಇನ್ನೂ ಮುಂದುವರಿಸಿದೆ. ಅಣ್ಣನ ಮುಖ ಕೆಂಪಾಯಿತು. "ಆಂಧ್ರದವರ ಕಡೆ ಕನ್ನಡ ಕಲಿಯೋ ಗತಿ ನನಗೆ ಬಂದಿಲ್ಲ" ಎಂದ. ನಾನೇನು ಸುಮ್ಮನಿರುವವನೇ? "ಹಾಂಗಾದ್ರ ನಿಮ್ಮ ಮೈಸೂರಿಗೇ ಹೋಗಿ ಉಣ್ಣು" ಎಂದೆ. ಅಣ್ಣ ಅರ್ಧ ಉಂಡ ತಾಟಿನಲ್ಲೇ ಕೈತೊಳೆದು ಎದ್ದುಹೋದ. ಆ ತಾಟು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ; ಕಡುಬನ್ನು ಅವನು ಮುಟ್ಟಿರಲೇ ಇಲ್ಲ.

ಏಳು ವರ್ಷ ಅವನು ನಮ್ಮ ಮನೆಗೆ ಕಾಲಿಡಲಿಲ್ಲ. ಅವ್ವ ವರ್ಷಕ್ಕೊಮ್ಮೆ ಬೀದರಿಗೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದಳು. ಅವನು ಅವ್ವನಿಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದ. ಅವ್ವನಿಗೆ ಓದು ಬಾರದು, ನಾನೇ ಓದಿ ಹೇಳಬೇಕು. ಕಾಗದದ ತುಂಬ "ಆಯ್ತು", "ಹೋಯ್ತು" ಇರುತ್ತಿದ್ದವು. ನಾನು ಓದುವಾಗ ಅವನ್ನೆಲ್ಲ "ಆತು", "ಹೋತು" ಎಂದು ಓದುತ್ತಿದ್ದೆ. ಅವ್ವ ಕಣ್ಣು ಮುಚ್ಚಿ ಕೇಳಿ, "ನನ್ನ ಮಗ ಏನೂ ಬದಲಾಗಿಲ್ಲ ನೋಡು" ಎನ್ನುತ್ತಿದ್ದಳು. ನನ್ನ ಬಗ್ಗೆ ಆ ಕಾಗದಗಳಲ್ಲಿ ಒಂದು ಅಕ್ಷರವೂ ಇರುತ್ತಿರಲಿಲ್ಲ. ಆದರೂ ಕಡೆಯಲ್ಲಿ "ತಮ್ಮಗ ಆಶೀರ್ವಾದ" ಎಂದು ನಾನೇ ಸೇರಿಸಿ ಓದುತ್ತಿದ್ದೆ. ಹಾಗೆ ನನಗೆ ನಾನೇ ಆಶೀರ್ವಾದ ಮಾಡಿಕೊಂಡದ್ದು ಎಷ್ಟು ಸಲವೋ.

ಎಂಟನೆಯ ವರ್ಷದ ಎಳ್ಳಮಾವಾಸ್ಯೆಗೆ ಅವ್ವನ ಮೊಣಕಾಲು ಹಿಡಿದುಕೊಂಡಿತ್ತು. ಪ್ರತಿವರ್ಷ ಪಾಂಡವರನ್ನು ಆರಿಸಿ ತರುವವಳು ಅವಳೇ. ಆ ಸಲ ಆ ಕೆಲಸ ನನ್ನ ಪಾಲಿಗೆ ಬಂತು. ಹಳ್ಳದ ದಂಡೆಯಲ್ಲಿ ಒಳ್ಳೆಯ ಕಲ್ಲು ನೋಡಿ "ಏಕ್, ದೋ, ತೀನ್" ಎಂದು ಮೂರು ಎತ್ತಿ ಬುಟ್ಟಿಗೆ ಹಾಕಿದೆ. ಅಷ್ಟರಲ್ಲಿ ನಮ್ಮ ಶಾಲೆಯ ಮಗುವೊಂದರ ತಂದೆ ಆ ದಾರಿಯಲ್ಲಿ ಬಂದು, ಮಗಳು ಲೆಕ್ಕದಲ್ಲಿ ಯಾಕೆ ಹಿಂದೆ ಬಿದ್ದಿದ್ದಾಳೆಂದು ತೆಲುಗಿನಲ್ಲಿ ಕೇಳಿದ. ಮಕ್ಕಳಿಗೆ ಎಣಿಕೆ ಗಟ್ಟಿಯಾಗಿರಬೇಕು, ಬುನಾದಿ ಭದ್ರವಾಗಿರಬೇಕು ಎಂದು ಹತ್ತು ನಿಮಿಷ ತೆಲುಗಿನಲ್ಲೇ ಉಪದೇಶ ಮಾಡಿದೆ. ಅವನು ಹೋದ ಮೇಲೆ ಮತ್ತೆ ಬಗ್ಗಿ, "ಮೂಡು, ನಾಲುಗು, ಐದು" ಎಂದು ಉಳಿದವನ್ನು ಎತ್ತಿದೆ. ತೀನ್ ಎಂದರೂ ಮೂರೇ, ಮೂಡು ಎಂದರೂ ಮೂರೇ; ಆದರೆ ತೀನ್ ಆಗಿತ್ತು, ಮೂಡು ಆಗಿರಲಿಲ್ಲವೆಂದು ತಲೆಗೆ ಅನಿಸಿರಬೇಕು. ಐದು ಎನ್ನುವುದು ತೆಲುಗಿನಲ್ಲೂ ಐದೇ, ಕನ್ನಡದಲ್ಲೂ ಐದೇ; ಹಾಗಾಗಿ ಸಮಾಧಾನದಿಂದ ಬುಟ್ಟಿ ಹೊತ್ತುಕೊಂಡು ಬಂದೆ. ನಮ್ಮಾಕೆ ಸುಣ್ಣ ಬಳಿದು, ಕುಂಕುಮವಿಟ್ಟು, ಕೊಂಪೆಯಲ್ಲಿ ಸಾಲಾಗಿ ಕೂರಿಸಿದಳು.

ಅವ್ವ ಕುಂಟುತ್ತ ಬಂದು, ಕೊಂಪೆಯೊಳಗೆ ಬಗ್ಗಿ ನೋಡಿ, "ಇವೇನೋ, ಆರು ಅವ?" ಎಂದಳು.

ನಾನು ಹೆಂಡತಿಯ ಮುಖ ನೋಡಿದೆ. "ನನ್ನೇನ್ ನೋಡ್ತೀರಿ? ಲೆಕ್ಕದ ಮಾಸ್ತರ ತಂದಾರ, ನಾ ಮತ್ತ ಎಣಸ್ಬೇಕೇನ್ರಿ?" ಎಂದಳು. ತೆಗೆದು ಎಸೆಯೋಣವೆಂದರೆ, ಸುಣ್ಣ ಕುಂಕುಮ ಬಿದ್ದ ಮೇಲೆ ಕಲ್ಲು ಕಲ್ಲಲ್ಲ, ದೇವರು. ಬಕ್ಕಪ್ಪ ಕಾಕಾ ಊಟಕ್ಕೆಂದು ಬಂದು ಅಲ್ಲೇ ಕೂತಿದ್ದರು. ಲೆಕ್ಕದ ಮಾಸ್ತರನಿಗೆ ಐದು ಎಣಿಸಲು ಬರಲಿಲ್ಲವೆಂದರೆ ಸಂಜೆಯೊಳಗೆ ಜಹೀರಾಬಾದಿನ ಸಂತೆಗೆ ಸುದ್ದಿ ಮುಟ್ಟುತ್ತದೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ಆರನೇದಂವಾ ಕರ್ಣ, ಅವ್ವ."

ಅವ್ವ ಆ ಕಲ್ಲನ್ನು ಮುಟ್ಟಿ ನೋಡಿದಳು. "ಕರ್ಣ ಅಂದ್ರ ಕುಂತವ್ವನ ಹಿರೇಮಗ ಅಲ್ಲೇನು?"

"ಹೌದವ್ವ."

"ಅಂವಾ ತಮ್ಮದೇರ ಜೋಡಿ ಒಮ್ಮೆರೆ ಕುಂತು ಉಂಡಾನೇನು?"

"ಇಲ್ಲವ್ವ."

"ಹಾಂಗಾದ್ರ ಛಲೋ ಮಾಡಿದಿ. ಇವತ್ತ ಉಣ್ಣಲಿ ಪಾಪ." ನನಗೆ ಹೋದ ಜೀವ ಬಂತು. ಅವ್ವ ಕಡ್ಡಿಪೆಟ್ಟಿಗೆ ತೆಗೆದು ಕಡ್ಡಿ ಗೀರಲು ಹೋದವಳು, ಗೀರದೆ ಹಾಗೇ ಕೆಳಗಿಟ್ಟಳು. "ಕುಂತವ್ವನ ಹಿರೇಮಗ ಬಂದು ಕುಂತಾನ. ನನ್ನ ಹಿರೇಮಗ ಎಲ್ಲ್ಯಾನ?"

ನಾನು ತಡವರಿಸಿ, "ಅಣ್ಣ ಬೀದರನಾಗ ಇದ್ದಾನಲ್ಲವ್ವ" ಎಂದೆ.

"ಬೀದರ ಏನ್ ಕಾಶಿ ಏನು? ಬಸ್ಸು ಹೋಗ್ತಾವಿಲ್ಲೋ? ಹಳ್ಳದಿಂದ ಕಲ್ಲು ಕರಕೊಂಡು ಬರಾಕ ಬಂತು ನಿನಗ, ಒಡಹುಟ್ಟಿದಂವನ್ನ ಕರಕೊಂಡು ಬರಾಕ ಬರಂಗಿಲ್ಲ? ಅಂವಾ ಬರೋತನಕ ನಾ ದೀಪ ಹಚ್ಚಂಗಿಲ್ಲ. ದೀಪ ಹಚ್ಚೋತನಕ ಯಾರೂ ಉಣ್ಣಂಗಿಲ್ಲ." ಇಷ್ಟು ಹೇಳಿ ಕೊಂಪೆಯ ಮುಂದೆ ಕಾಲು ಚಾಚಿ ಕೂತುಬಿಟ್ಟಳು. ಅವ್ವ ಅಳಲಿಲ್ಲ, ಕೂಗಲಿಲ್ಲ. ಏಳು ವರ್ಷ ಈ ಮಾತನ್ನು ಬಾಯಲ್ಲಿಟ್ಟುಕೊಂಡೇ ಇದ್ದಳೆಂದು ನನಗೆ ಆಗ ಗೊತ್ತಾಯಿತು. ಬಕ್ಕಪ್ಪ ಕಾಕಾ ಮಾತ್ರ ದನಿ ತಗ್ಗಿಸಿ, "ಲಗೂನ ಹೋಗಿ ಬಾರಪ್ಪ ಮಾಸ್ತರ. ಭಜ್ಜಿಗೆ ಜಾಗ ಇರಲಿ ಅಂತ ನಾ ಮುಂಜಾನಿಂದ ಚಾ ಸುದ್ದಾ ಕುಡದಿಲ್ಲ" ಎಂದರು.

ಜಹೀರಾಬಾದಿಗೆ ಹೋಗಿ ಬೀದರದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಒಂದೇ ಚಿಂತೆ: ಏನೆಂದು ಕ್ಷಮೆ ಕೇಳುವುದು? ಜಗಳ ಹತ್ತಿದ್ದೇ ಆತು-ಆಯ್ತುಗಳಿಗೆ. ಕನ್ನಡದಲ್ಲಿ ಕ್ಷಮೆ ಕೇಳಬೇಕೆಂದರೆ ಮತ್ತೆ ಅದೇ ಮಾತಿಗೆ ಬರಬೇಕು. "ತಪ್ಪಾತು" ಎಂದರೆ, ಈಗಲೂ ತನ್ನ ಹಟವನ್ನೇ ಸಾಧಿಸುತ್ತಿದ್ದಾನೆ ಎಂದುಕೊಳ್ಳಬಹುದು. ಅವನ ಮಾತಿನಲ್ಲೇ ಹೇಳಿದರೆ ಅವನಿಗೆ ಗೌರವ ಕೊಟ್ಟಂತೆ. ಹಾಗಾಗಿ "ತಪ್ಪಾಯ್ತು" ಎಂದು ಗಟ್ಟಿ ಮಾಡಿಕೊಂಡು, ಬಾಯಿಪಾಠ ಮಾಡುತ್ತ ಕೂತೆ. ತಪ್ಪಾಯ್ತು ಅಣ್ಣ, ತಪ್ಪಾಯ್ತು ಅಣ್ಣ. ಪಕ್ಕದಲ್ಲಿದ್ದ ಮುದುಕರು ನನ್ನನ್ನೇ ನೋಡುತ್ತಿದ್ದವರು, "ಕ್ಯಾ ಹೋಗಯಾ ಬೇಟಾ?" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಎದ್ದು ಹಿಂದಿನ ಸೀಟಿಗೆ ಹೋದರು.

ಬೀದರದ ಓಣಿಯಲ್ಲಿ ಅಣ್ಣನ ಬಾಡಿಗೆ ಮನೆಯ ಬಾಗಿಲು ತೆರೆದೇ ಇತ್ತು. ಅತ್ತಿಗೆ ನನ್ನನ್ನು ನೋಡಿ, "ಅಯ್ಯ ಶಿವನೇ!" ಎಂದು ಹಾಗೇ ನಿಂತಳು. ಅಣ್ಣ ಮಂಚದ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಶಲ್ಯ, ಕಾಲಲ್ಲಿ ಬೀದಿಗೆ ಮೆಟ್ಟುವ ಕಾಲ್ಮರಿ. ಮನೆಯೊಳಗೆ, ಮಂಚದ ಮೇಲೆ, ಕಾಲಿಗೆ ಕಾಲ್ಮರಿ ಹಾಕಿಕೊಂಡೇ ಕೂತಿದ್ದ. ನಮ್ಮ ಮನೆಯಲ್ಲಿ ಹಾಗೇನಾದರೂ ಕೂತಿದ್ದರೆ ಅವ್ವ ಅದೇ ಕಾಲ್ಮರಿಯನ್ನು ಕೈಗೆ ತೆಗೆದುಕೊಳ್ಳುತ್ತಿದ್ದಳು. ಮೈಸೂರು ರಾಜ್ಯದ ರೀತಿರಿವಾಜು ಇದ್ದರೂ ಇರಬಹುದೆಂದು ನಾನು ಸುಮ್ಮನಾದೆ.

ಕಲ್ಲಿನ ಕಥೆ, ಕರ್ಣನ ಕಥೆ, ಅವ್ವ ಉಪವಾಸ ಕೂತದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಣ್ಣ ಪತ್ರಿಕೆ ಕೆಳಗಿಳಿಸಲಿಲ್ಲ. "ಅದು ಅವಳ ಮಾತಾಯ್ತು. ನೀನು ಏನು ಹೇಳೋದಕ್ಕೆ ಬಂದೆ?" ಎಂದ.

ನಾನು ಕೈಕಟ್ಟಿ ನಿಂತು, ಕಲಿತದ್ದನ್ನು ಸ್ಪಷ್ಟವಾಗಿ ಒಪ್ಪಿಸಿದೆ. "ತಪ್ಪಾಯ್ತು ಅಣ್ಣ."

ಅಣ್ಣ ಪತ್ರಿಕೆ ಎಸೆದು ಎದ್ದ. "ಏಳು ವರ್ಷ ಆದ್ರೂ ನಿನ್ನ ಅಣಕ ಹೋಗಿಲ್ಲೇನೋ? ಇಷ್ಟು ದೂರ ಬಂದು, ನನ್ನ ಮನ್ಯಾಗ ನಿಂತು, ಮತ್ತ ಅಣಕಸ್ತಿ?" ಸಿಟ್ಟಿನಲ್ಲಿ ಅವನ ಮೈಸೂರು ಎಲ್ಲೋ ಹಾರಿಹೋಗಿತ್ತು, ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. "ಅಣಕ ಅಲ್ಲಣ್ಣ, ಖರೇನೇ..." ಎಂದು ಬಡಬಡಿಸಿದೆ. ಆಯ್ತು ಎನ್ನುವ ಹಾಗಿಲ್ಲ, ಆತು ಎನ್ನಲು ಭಯ. ಹೊಲದಲ್ಲಿ ಅವ್ವ ಹಸಿದು ಕೂತಿದ್ದಾಳೆ, ಅಣ್ಣ ಬಾಗಿಲು ತೋರಿಸುವುದಕ್ಕೆ ಕೈ ಎತ್ತುತ್ತಿದ್ದಾನೆ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅಣ್ಣ ಕೈತಪ್ಪಿಹೋಗುತ್ತಾನೆ ಎಂದುಕೊಂಡೆ. ಬಾಯಿ ತೆರೆದೆ. ನಾಲಗೆಯ ತುದಿಯಲ್ಲಿ ಸಂಸಾರ ಹೂಡಿದ್ದು ತಾನಾಗಿಯೇ ಹೊರಗೆ ಬಂತು.

"ತಪ್ಪಯಿಂದಿ ಸಾರ್!"

ಮೊದಲು ಒಳಮನೆಯಿಂದ ಅತ್ತಿಗೆ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಆಮೇಲೆ ಅವರ ಇಬ್ಬರು ಮಕ್ಕಳು. ಆಮೇಲೆ ಅಣ್ಣ. ಅವನು ಗೋಡೆ ಹಿಡಿದು ನಕ್ಕ, ಮಂಚದ ಮೇಲೆ ಕುಸಿದು ನಕ್ಕ, ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕ. "ಸಾರ್ ಅಂತ, ಸಾರ್! ಒಡಹುಟ್ಟಿದ ಅಣ್ಣಗ! ನನ್ನ ಆಯ್ತುಗ ನಕ್ಕಿದ್ದೆಲ್ಲೋ ಮಗನ, ನಿಂದು ಅಯಿಂದಿ ಆಗಿ ಕುಂತದ ನೋಡು!" ಎಂದ. ಕಣ್ಣೊರೆಸುವುದು ಮುಗಿದರೂ ಅವನ ಕಣ್ಣು ಒಣಗಿರಲಿಲ್ಲ. "ಅಲ್ಲಿ ನಾ ಆತು ಅಂದ್ರ ನಗ್ತಿದ್ರೋ. ಒಂದು ವರ್ಷ ಬಾಯಿ ತಿರುವಿ ತಿರುವಿ ಆಯ್ತು ಕಲತೆ. ಕಲತು ಮನೀಗಿ ಬಂದ್ರ ನೀ ನಕ್ಕಿ. ಮತ್ತ ನಾ ಎಲ್ಲಿ ಹೋಗಿ ಮಾತಾಡಬೇಕಿತ್ತು, ಹೇಳು?" ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನಾನು ಆ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಅವನ ಕೈ ಹಿಡಿದುಕೊಂಡೆ, ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ನಾವೆಲ್ಲ ಹೊಲ ಮುಟ್ಟಿದಾಗ ಹೊತ್ತು ಇಳಿಯತೊಡಗಿತ್ತು. ಬಕ್ಕಪ್ಪ ಕಾಕಾ ಹಸಿದು ಬದುವಿನ ಮೇಲೆ ಅಡ್ಡಾಗಿದ್ದರು. ಅವ್ವ ಅಣ್ಣನನ್ನು ನೋಡಿದಳು. ಬಂದೆಯಾ ಎಂದು ಕೇಳಲಿಲ್ಲ. "ಕೈಕಾಲು ತೊಳಕೋ ಹೋಗು" ಎಂದಳು. ಆಮೇಲೆ ಕಡ್ಡಿ ಗೀರಿದಳು. ಗಾಳಿಯಿರಲಿಲ್ಲ, ಆದರೂ ಮೂರು ಕಡ್ಡಿ ಬೇಕಾದವು. ಆರು ಕಲ್ಲಿಗೂ ಎಡೆಯಾಯಿತು, ಚರಗ ಚೆಲ್ಲಿದ್ದಾಯಿತು. ಅವತ್ತು ನಾವು ಉಂಡ ಹಾಗೆ ಮತ್ತೆಂದೂ ಉಂಡಿಲ್ಲ. ಕಡೆಯಲ್ಲಿ ಅವ್ವ ಅಂಬಲಿ ಗಡಿಗೆ ಹಿಡಿದು, ಜಗಳದ ದಿನ ಕೇಳಿದ್ದನ್ನೇ ಕೇಳಿದಳು. "ಊಟ ಆತೇನೋ?"

ಅಣ್ಣ ಹೊಲವೆಲ್ಲ ಕೇಳುವ ಹಾಗೆ "ಆತು ಅವ್ವ!" ಎಂದು ಕೂಗಿದ. ನಾನೇನು ಕಡಿಮೆಯೆಂದು "ಆಯ್ತು ಅವ್ವ!" ಎಂದೆ. ಬೀದರದಿಂದ ಬಸ್ಸಿನುದ್ದಕ್ಕೂ ಬಾಯಿ ಬಿಗಿಹಿಡಿದು ಕೂತಿದ್ದ ಅಣ್ಣನ ಮಕ್ಕಳು ಒಟ್ಟಿಗೇ "ಅಯಿಂದಿ ಸಾರ್!" ಎಂದು ಚೀರಿದವು. ಅವ್ವನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಸೆರಗು ಬಾಯಿಗೆ ಹಿಡಿದು ಬಗ್ಗಿ ಬಗ್ಗಿ ನಕ್ಕಳು. ನಕ್ಕು ನಕ್ಕು ಅಂಬಲಿ ನನ್ನ ತಲೆಯ ಮೇಲೆ ಚೆಲ್ಲಿದಳು.

ಅಲ್ಲಿಗೆ ಮುಗಿದಿದ್ದರೆ ಅದು ನಮ್ಮ ಮನೆಯ ಮಾತಾಗಿ ಉಳಿಯುತ್ತಿತ್ತು. ಮರುವರ್ಷ ಮಕ್ಕಳು ಊಟವಾದ ಮೇಲೆ ಅದನ್ನು ಕೂಗದೆ ಏಳುವುದಿಲ್ಲವೆಂದು ಹಟ ಹಿಡಿದವು. ಆ ವರ್ಷ ಬಕ್ಕಪ್ಪ ಕಾಕಾನ ಹೊಲದಲ್ಲಿ ಜೋಳ ಮೈದುಂಬಿ ಬಂದಿತ್ತು. ನಮ್ಮ ಕರ್ಣನ ಎಡೆ ಉಂಡದ್ದರಿಂದಲೇ ಬಂತೆಂದು ಅವರು ನಿಶ್ಚಯಿಸಿ, ತಮ್ಮ ಕೊಂಪೆಯಲ್ಲೂ ಆರು ಕಲ್ಲಿಟ್ಟರು. ದೂರದಿಂದ ನಮ್ಮ ಕೂಗು ಕೇಳಿ ಅದನ್ನೂ ತೆಗೆದುಕೊಂಡರು, ಆದರೆ ಅವರಿಗೆ ಕೇಳಿಸಿದ ಹಾಗೆ. ಅವರಿಂದ ಅವರ ಬೀಗರಿಗೆ, ಬೀಗರಿಂದ ನೆರೆಯವರಿಗೆ ಹೋಯಿತು. ಈಗ ಎಳ್ಳಮಾವಾಸ್ಯೆಯ ಮಧ್ಯಾಹ್ನ ನಮ್ಮ ಹೊಲದಲ್ಲಿ ನಿಂತರೆ ನಾಲ್ಕು ದಿಕ್ಕಿನಿಂದಲೂ "ಆತಾಯ್ತೋ, ಅಯಿಂದಿಸಾರೋ" ಎಂದು ಕೂಗುವುದು ಕೇಳುತ್ತದೆ. ಅದನ್ನು ಕೇಳಿದಾಗಲೆಲ್ಲ ಓಲಗ್ಯಾ, ಪಲಗ್ಯಾಗಳೂ ಹೀಗೇ ಯಾವ ಅಣ್ಣ-ತಮ್ಮನ ಜಗಳದಲ್ಲಿ ಹುಟ್ಟಿದವೋ ಎಂದು ನನಗೆ ಅನಿಸುತ್ತದೆ. ಕೇಳೋಣವೆಂದರೆ ಅವ್ವ ಇಲ್ಲ. ಅವಳು ಹೋಗಿ ಹನ್ನೊಂದು ವರ್ಷವಾಯಿತು. ಇದ್ದಿದ್ದರೂ ಬಾಯಿ ಮುಚ್ಚಿಕೊಂಡು ಅನ್ನು ಎನ್ನುತ್ತಿದ್ದಳು.

ಹೋದ ಎಳ್ಳಮಾವಾಸ್ಯೆಗೆ ತಾಂಡೂರಿನ ಕಡೆಯ ಒಬ್ಬ ಯುವ ಉಪನ್ಯಾಸಕ ನಮ್ಮ ಹೊಲಕ್ಕೆ ಬಂದಿದ್ದ. ಹಬ್ಬಗಳ ಮೂಲ ಹುಡುಕುತ್ತಿದ್ದಾನಂತೆ. ಕೈಯಲ್ಲಿ ದಪ್ಪ ನೋಟುಬುಕ್ಕು. ಆರನೆಯ ಕಲ್ಲು ಬೇರೆಲ್ಲೂ ಕಾಣದ ಅತಿ ಪ್ರಾಚೀನ ಪದ್ಧತಿ ಎಂದು ಅವನಿಗೆ ಆಗಲೇ ಖಾತ್ರಿಯಾಗಿತ್ತು. "ಅಯಿಂದಿಸಾರೋ ಅನ್ನೂದು ಐಂದ್ರಿ ಅನ್ನೋ ದೇವತಿ ಹೆಸರು ಇರಬೇಕ್ರಿ ಸಾರ್. ಇಂದ್ರನ ಶಕ್ತಿ. ಮಳೀಗಿ ಕರಿಯೋ ಮಂತ್ರ" ಎಂದ. ಎಂಬತ್ತು ದಾಟಿದ ಬಕ್ಕಪ್ಪ ಕಾಕಾ ತಲೆಯಾಡಿಸಿ, "ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ನಡಕೊಂತ ಬಂದದ" ಎಂದರು.

ನನಗೆ ತಡೆಯಲಾಗಲಿಲ್ಲ. "ಕಾಕಾ, ಅವತ್ತ ಚಾ ಕುಡೀದ ಇಲ್ಲೇ ಬದುವಿನ ಮ್ಯಾಲ ಮಲಗಿದವರು ನೀವೇ ಅಲ್ಲೇನು?"

"ಅದು ಬ್ಯಾರೆ ಮಾತು" ಎಂದರು ಕಾಕಾ.

ನಾನು ಉಪನ್ಯಾಸಕನನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಲೆಕ್ಕ ತಪ್ಪಿದ್ದು, ಅವ್ವನ ಹಟ, ಬಸ್ಸು, ತಪ್ಪಯಿಂದಿ, ಎಲ್ಲವನ್ನೂ. ಏಳು ವರ್ಷ ಮುರಿದ ಮನೆಯನ್ನು ಒಂದು ಮಧ್ಯಾಹ್ನದಲ್ಲಿ ನಾನು ಹೇಗೆ ಕೂಡಿಸಿದೆ ಎಂಬಲ್ಲಿ ಸ್ವಲ್ಪ ದನಿ ಏರಿರಬಹುದು. ಅಣ್ಣ ಕೊಂಪೆಯ ಪಕ್ಕ ಕೂತು ಕಡಲೆ ಸುಲಿಯುತ್ತಿದ್ದ. ನಿವೃತ್ತನಾದ ಮೇಲೂ ಪ್ರತಿವರ್ಷ ಬೆಳಗಿನ ಬಸ್ಸಿಗೇ ಬರುತ್ತಾನೆ. ಅಂಬಲಿ ಬಡಿಸುತ್ತಿದ್ದ ಅತ್ತಿಗೆ ಮಾತ್ರ ಸೌಟು ಕೆಳಗಿಟ್ಟಳು.

"ಸಾಕ್ ಮಾಡ್ರಿ ಮಾಸ್ತರ. ಇಪ್ಪತ್ತು ವರ್ಷದಿಂದ ಕೇಳಾಕತ್ತೀನಿ ನಿಮ್ಮ ಪರಾಕ್ರಮ. ಅವತ್ತ ಇವರ ಕಾಲಾಗ ಕಾಲ್ಮರಿ ಯಾಕ ಇದ್ವು ಅಂತ ಒಮ್ಮೆರೆ ಕೇಳೀರೇನು?"

ನಾನು ಕೇಳಿರಲಿಲ್ಲ.

"ವರ್ಷಾ ವರ್ಷಾ ಎಳ್ಳಮಾಸಿ ಬಂತಂದ್ರ ಮುಂಜಾನೆ ಎದ್ದು, ಹೊಸ ಅಂಗಿ ತೊಟ್ಟು, ಬಸ್‌ಸ್ಟ್ಯಾಂಡಿಗೆ ಹೋಗಾವರು. ಜಹೀರಾಬಾದಿನ ಬಸ್ಸು ಬಿಡೋದು ನೋಡಾವರು. ಬಿಟ್ಟ ಮ್ಯಾಲ ತಿರುಗಿ ಮನೀಗಿ ಬಂದು, ಏನೂ ಉಣ್ಣದ ಮಲಗಾವರು. ಏಳು ವರ್ಷ. ಆ ವರ್ಷನೂ ತಿರುಗಿ ಬಂದ್ರು. ನಾನೇ ಬೈದೆ, ಮುಂದಿನ ಬಸ್ಸು ಹತ್ತದಿದ್ರ ಮನೀಗಿ ಬರಬ್ಯಾಡ್ರಿ ಅಂತ. ಎದ್ದು ಹೊಂಟಿದ್ರು. ಓಣ್ಯಾಗ ನಿಮ್ಮನ್ನ ಕಂಡ್ರು ನೋಡ್ರಿ, ಗಡಬಡಿಸಿ ಬಂದು ಮಂಚದ ಮ್ಯಾಲ ಕುಂತು ಪೇಪರ ಹಿಡದ್ರು."

ಆ ಏಳು ವರ್ಷವೂ ಅದೇ ಹೊತ್ತಿಗೆ ನಾನು ಇದೇ ಹೊಲದಲ್ಲಿ, ಅವನು ಹಟಮಾರಿಯೆಂದು ಬೈಯುತ್ತ ಕಡುಬು ತಿನ್ನುತ್ತಿದ್ದೆ. ಅವನು ಅಲ್ಲಿ ಬಸ್ಸು ನೋಡುತ್ತ ನಿಂತಿರುತ್ತಿದ್ದ. ನನಗೆ ಸಿಟ್ಟೂ ಬಂತು. "ಅಣ್ಣಾ, ಇಪ್ಪತ್ತು ವರ್ಷ ಆತು. ನೀನೇ ಬರಾಕತ್ತಿದ್ದೆ ಅಂತ ಒಂದು ಮಾತು ಹೇಳಬಾರದಾ?"

ಅಣ್ಣ ಸುಲಿದ ಕಡಲೆಯನ್ನು ನನ್ನ ಕೈಗೆ ಹಾಕಿದ. "ಹೇಳಿದ್ರ ನಿನ್ನ ತಪ್ಪಯಿಂದಿ ಸಾರ್ ನನಗ ಎಲ್ಲಿ ಸಿಗ್ತಿತ್ತೋ?"

ಉಪನ್ಯಾಸಕ ಇಷ್ಟೆಲ್ಲ ಕೇಳಿ, ನಯವಾಗಿ ನಕ್ಕು, ಪೆನ್ನಿನ ಮುಚ್ಚಳ ಹಾಕಿದ. ಒಂದು ಅಕ್ಷರವನ್ನೂ ಬರೆದುಕೊಂಡಿರಲಿಲ್ಲ. "ಛಲೋ ತಮಾಷಿ ಮಾಡ್ತೀರಿ ಸಾರ್. ಖರೇ ಮೂಲ ಯಾರಿಗೆ ಗೊತ್ತೋ ಅವರ ವಿಳಾಸ ಇದ್ರ ಕೊಡ್ರಿ" ಎಂದ. ಅಷ್ಟರಲ್ಲಿ ಊಟ ಮುಗಿದು, ಅಣ್ಣನ ಮೊಮ್ಮಗಳು ಎದ್ದು ನಿಂತು, ಎಲ್ಲರಿಗಿಂತ ಮೊದಲು ತಾನೇ "ಅಯಿಂದಿ, ಆಯ್ತು, ಆತು" ಎಂದು ಕೂಗಿಬಿಟ್ಟಳು. ನಾನು ಕುಳಿತಲ್ಲಿಂದ ಧಡಕ್ಕನೆ ಎದ್ದೆ.

"ಏಯ್, ಹಾಂಗಲ್ಲ! ಮೊದಲು ಆತು. ಅದು ಹಿರೇಮಗಂದು. ಅದರ ಮ್ಯಾಲ ಆಯ್ತು. ಕಡೀಗಿ ಅಯಿಂದಿ. ದೇವರ ಮಾತು ಹಿಂದ್ಮುಂದ ಆದ್ರ ಬೆಳಿ ಬರಂಗಿಲ್ಲ!"

ಮಗು ಹೆದರಿ, "ಯಾಕ ಮುತ್ಯಾ?" ಎಂದು ಕೇಳಿತು.

"ಹಿರೇರು ಅಂತಿದ್ರು. ನೀ ಬಾಯಿ ಮುಚಗೊಂಡು ಅನ್ನು" ಎಂದೆ.

ಉಪನ್ಯಾಸಕ ಅವಸರದಿಂದ ಪೆನ್ನಿನ ಮುಚ್ಚಳ ತೆಗೆದು, ಅದನ್ನು ಮಾತ್ರ ಬರೆದುಕೊಂಡ.